ಬಿದ್ದವರ ಗ್ಲಾಸು

ಓಬರ್‌ಮೂಸ್‌ನಲ್ಲಿ ಹುಟ್ಟಿದ ಯಾವ ಮಗುವೂ ಬುರ್ಗಿಯ ಬೈಗುಳ ತಿನ್ನದೆ ದೊಡ್ಡದಾಗಿಲ್ಲ. ಡಿಸೆಂಬರ್‌ನಲ್ಲಿ ಹಿಮ ಗಟ್ಟಿಯಾದ ಮೊದಲ ವಾರ ಅವಳು ಶಾಲೆಯ ಮಕ್ಕಳನ್ನೆಲ್ಲ ಸ್ಕೀ ಇಳಿಜಾರಿನ ಬುಡದಲ್ಲಿ ಸಾಲಾಗಿ ನಿಲ್ಲಿಸುತ್ತಾಳೆ. ಮೊದಲೆಲ್ಲ ರಕ್ಷಣಾ ದಳದ ಕೆಂಪು ಜಾಕೆಟ್ ತೊಟ್ಟು ಬರುತ್ತಿದ್ದಳು. ಈಗ ಬೂದು ಬಣ್ಣದ ಉಣ್ಣೆಯ ಕೋಟು. ಪಾಠ ಮಾತ್ರ ಹಳೆಯದೇ.

"ಕೆಳಗೆ ಹೋಗ್ತಿರೋನಿಗೆ ಬೆನ್ನಲ್ಲಿ ಕಣ್ಣಿದ್ಯೇನ್ರೋ?"

"ಇಲ್ಲ!"

"ಮೇಲಿಂದ ಬರೋ ನಿಮಗೆ?"

"ಮುಖದಲ್ಲಿದೆ!"

"ಎಷ್ಟು?"

"ಎರಡು!"

"ಹಾಗಾದ್ರೆ ದಾರಿ ಬಿಡ್ಬೇಕಾದವ್ರು ಯಾರು?"

"ಮೇಲಿನವ್ರು!"

"ಗುದ್ದಿದ್ರೆ?"

"ನಿಲ್ಲಬೇಕು, ಸಹಾಯಕ್ಕೆ ಕರೀಬೇಕು, ಹೆಸರು ಹೇಳ್ಬೇಕು!"

"ಯಾವಾಗ ಕರೀಬೇಕು? ಮನೆಗೆ ಹೋಗಿ ಸೂಪು ಕುಡಿದು ಬಂದ್ಮೇಲಾ?"

"ಆಗ್ಲೇ!" ಎಂದು ಮಕ್ಕಳು ನಗುತ್ತಾ ಕಿರುಚುತ್ತವೆ. ಬುರ್ಗಿ ನಗುವುದಿಲ್ಲ. ಈ ಕೊನೆಯ ಪ್ರಶ್ನೆ ಮೊದಲು ಪಾಠದಲ್ಲಿ ಇರಲಿಲ್ಲ. ಅದನ್ನು ಅವಳು ಸೇರಿಸಿ ಮೂರು ವರ್ಷವಾಯಿತು. ಯಾಕೆ ಸೇರಿಸಿದಳು ಎಂಬುದು ನಮ್ಮೂರಿನಲ್ಲಿ ಎಲ್ಲರಿಗೂ ಗೊತ್ತು, ಆದರೆ ಬಾಯಿ ಬಿಟ್ಟು ಹೇಳುವವರು ಕಡಿಮೆ. ನಾನು ಹೇಳುತ್ತೇನೆ.

ನೊತ್‌ಬುರ್ಗಾ ಎಂಬುದು ಅವಳ ಪೂರ್ತಿ ಹೆಸರು. ಪಕ್ಕದ ಕಣಿವೆಯಿಂದ ಯೋಡೊಕ್‌ನನ್ನು ಮದುವೆಯಾಗಿ ಇಲ್ಲಿಗೆ ಬಂದಳು. ಯೋಡೊಕ್ ಮತ್ತು ಅವನ ಅಣ್ಣ ಕಾಸಿಯಾನ್, ಇಬ್ಬರ ಮನೆಗೂ ಒಂದೇ ಅಂಗಳ. ಬೆಳಗ್ಗೆ ಒಂದು ಮನೆಯಲ್ಲಿ ಕಾಫಿ ಸೀದರೆ ಇನ್ನೊಂದು ಮನೆಯವರು ಮೂಗು ಮುಚ್ಚಿಕೊಳ್ಳಬೇಕು, ಅಷ್ಟು ಹತ್ತಿರ. ಯೋಡೊಕ್ ಬಾಯಿ ಸತ್ತವನು. ಕಾಸಿಯಾನ್ ಹಾಗಲ್ಲ. ಮರದ ಹಲಗೆ ಸೀಳಿ ಚಾವಣಿಗೆ ಹೊದಿಸುವುದು ಅವನ ಕಸುಬು, ಊರಿನವರ ಕಾಲೆಳೆಯುವುದು ಅವನ ಚಟ. ಯೌವನದಲ್ಲಿ ಕಣಿವೆಯ ಸ್ಕೀ ಪಂದ್ಯ ಮೂರು ಸಲ ಗೆದ್ದವನು. ಅರವತ್ತಮೂರಾದರೂ ಮಧ್ಯಾಹ್ನ ಒಂದಾಯಿತೆಂದರೆ ಉಳಿ ಸುತ್ತಿಗೆ ಬಿಸಾಕಿ ಸ್ಕೀ ಹೆಗಲಿಗೇರಿಸುತ್ತಿದ್ದ.

ಬುರ್ಗಿ ರಕ್ಷಣಾ ದಳಕ್ಕೆ ಸೇರಲು ಹೋದಾಗ ಊರಿನ ಗಂಡಸರು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಹೆಂಗಸು ಗಾಯಾಳುವಿನ ಜಾರುಬಂಡಿ ಎಳೆಯುವುದುಂಟೇ ಎಂದು ಕೇಳಿದ್ದರು. ಆಗ ಸಭೆಯಲ್ಲಿ ಮೇಜು ಗುದ್ದಿ ಎದ್ದವನು ಕಾಸಿಯಾನ್. "ನಿಮ್ಮಲ್ಲಿ ಅರ್ಧಕ್ಕರ್ಧ ಜನ ಆ ಕಡಿದಾದ ಮೊಣಕಾಲು ದಿಬ್ಬ ಇಳಿಯೋವಾಗ ಕಣ್ಣು ಮುಚ್ಕೋತೀರಿ. ನನ್ನ ತಮ್ಮನ ಹೆಂಡ್ತಿ ಕಣ್ಣು ಬಿಟ್ಕೊಂಡು ಇಳೀತಾಳೆ. ಜಾಕೆಟ್ ಕೊಡ್ರೋ ಅವಳಿಗೆ!" ಎಂದಿದ್ದ. ಜಾಕೆಟ್ ಕೊಟ್ಟರು. ಅದರ ಎದೆಯ ಮೇಲೆ ವಾಕಿಟಾಕಿ ಸಿಕ್ಕಿಸುವ ಪಟ್ಟಿಯನ್ನು ಅವನ ಹೆಂಡತಿ ಮೇನಾ ತನ್ನ ಕೈಯಾರೆ ಹೊಲಿದುಕೊಟ್ಟಳು. ಆ ಋಣವನ್ನು ಬುರ್ಗಿ ಒಂದು ದಿನವೂ ಮರೆತವಳಲ್ಲ.

ಇನ್ನು ನಮ್ಮೂರಿನ ಒಂದು ಪದ್ಧತಿ ಹೇಳಬೇಕು. ಇಳಿಜಾರಿನಲ್ಲಿ ಇಬ್ಬರು ಡಿಕ್ಕಿ ಹೊಡೆದರೆ ರಕ್ಷಣಾ ದಳದವರು ಬರಬೇಕು, ಯಾರು ಮೇಲಿದ್ದರು, ಯಾರು ಕೆಳಗಿದ್ದರು, ಎಷ್ಟು ಹೊತ್ತಿಗೆ ಎಂದು ಬರೆದುಕೊಳ್ಳಬೇಕು, ಗಾಯ ನೋಡಬೇಕು. ಹೊರಗಿನವರ ವಿಷಯದಲ್ಲಿ ಇದೆಲ್ಲ ಚಾಚೂ ತಪ್ಪದೆ ನಡೆಯುತ್ತದೆ. ಊರಿನವರೇ ಊರಿನವರಿಗೆ ಗುದ್ದಿದರೆ ಮಾತ್ರ ಯಾರೂ ಕಾಗದ ತೆಗೆಯುವುದಿಲ್ಲ. ಇಬ್ಬರೂ ನೇರವಾಗಿ ತ್ರೌದಿಯ ಗುಡಿಸಲು ಹೋಟೆಲಿಗೆ ಹೋಗುತ್ತಾರೆ. ಗುದ್ದಿದವರು ಶ್ನಾಪ್ಸ್, ಅಂದರೆ ಪ್ಲಮ್ ಹಣ್ಣಿನ ಸಾರಾಯಿ, ಸುರಿಯಬೇಕು, ಬಿದ್ದವರು ಮೊದಲು ಕುಡಿಯಬೇಕು. ಅದು ಬಿದ್ದವರ ಗ್ಲಾಸು. ಗ್ಲಾಸು ಬರಿದಾದ ಮೇಲೆ ಆ ವಿಷಯ ಅಲ್ಲಿಗೆ ಮುಗಿಯಿತು. ಮತ್ತೆ ಎತ್ತಿದವರನ್ನು ಊರು ಚಾಡಿಕೋರರಂತೆ ನೋಡುತ್ತದೆ. ಇದನ್ನು ನಮ್ಮವರು ದೊಡ್ಡ ಮನಸ್ಸು ಎಂದು ಕರೆಯುತ್ತಾರೆ. ನನ್ನನ್ನು ಕೇಳಿದರೆ ಅದರಲ್ಲಿ ಮನಸ್ಸಿಗಿಂತ ಮಾನದ ಭಯವೇ ಹೆಚ್ಚು.

ಅದು ಫೆಬ್ರವರಿಯ ಒಂದು ಗುರುವಾರ. ಎರಡು ದಿನ ದಕ್ಷಿಣದಿಂದ ಬಿಸಿಗಾಳಿ ಬೀಸಿ, ಹಿಮ ಕರಗಿ, ಆ ಬೆಳಗ್ಗೆ ಮತ್ತೆ ಕಲ್ಲಿನಂತೆ ಹೆಪ್ಪುಗಟ್ಟಿತ್ತು. ಮಧ್ಯಾಹ್ನದ ಹೊತ್ತಿಗೆ ಮೋಡ ಕೆಳಗಿಳಿಯಿತು. ಇಂಥ ದಿನ ಇಳಿಜಾರಿನಲ್ಲಿ ನೆರಳೇ ಇರುವುದಿಲ್ಲ. ಆಕಾಶವೂ ಬಿಳಿ, ನೆಲವೂ ಬಿಳಿ, ಉಬ್ಬು ಯಾವುದು ತಗ್ಗು ಯಾವುದು ಕಾಣುವುದಿಲ್ಲ. ಬೆಳಗ್ಗೆ ಅಂಗಳದಲ್ಲಿ ಮೇನಾ ಆಕಾಶ ನೋಡಿ, "ಇವತ್ತು ಬೇಡಾಂದ್ರೆ ಈ ಮನುಷ್ಯ ಕೇಳಲ್ಲ, ನೀನಾದ್ರೂ ಒಂದು ಕಣ್ಣಿಟ್ಟಿರು ಬುರ್ಗಿ" ಎಂದಿದ್ದಳು. "ಭಾವನ ಮೇಲೆ ಒಂದೇನು, ಎರಡೂ ಕಣ್ಣಿಡ್ತೀನಿ, ಮೇನಕ್ಕ" ಎಂದು ಬುರ್ಗಿ ನಗಾಡಿಕೊಂಡು ಹೊರಟಿದ್ದಳು.

ಎರಡು ಗಂಟೆ ಹತ್ತು ನಿಮಿಷಕ್ಕೆ ಅವಳು ಮೊಣಕಾಲು ದಿಬ್ಬದ ನೆತ್ತಿಯಲ್ಲಿದ್ದಳು. ಹೊತ್ತು ಅಷ್ಟು ಖಚಿತವಾಗಿ ಗೊತ್ತಿರಲು ಕಾರಣವಿದೆ. ಆಗಷ್ಟೇ ಎದೆಯ ಮೇಲಿನ ವಾಕಿಟಾಕಿಯ ಗುಂಡಿ ಒತ್ತಿ ದಳದ ಮುಖ್ಯಸ್ಥ ಸೆರಾಫಿನ್‌ಗೆ, "ಎರಡು ಹತ್ತು. ಮೊಣಕಾಲಿನ ಮೇಲಿದ್ದೀನಿ. ಎಲ್ಲ ಸರಿಯಾಗಿದೆ" ಎಂದು ಹೇಳಿದ್ದಳು. ದಿಬ್ಬದ ಬಲಕ್ಕೆ ಎಲ್ಲರ ದಾರಿ. ಎಡಕ್ಕೆ ಮರಗಳ ಸಂದಿಯಲ್ಲಿ ಊರಿನವರು ಮಾತ್ರ ಬಲ್ಲ ಒಂದು ಕಿರುದಾರಿ, ಅದಕ್ಕೆ ಮನೆದಾರಿ ಎನ್ನುತ್ತಾರೆ. ಬುರ್ಗಿಗೆ ಅದು ಅಂಗೈ ಗೆರೆಯಷ್ಟು ಪರಿಚಯ. ಅಲ್ಲಿ ಯಾರಿರುತ್ತಾರೆ ಎಂದುಕೊಂಡಳು. ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ, ಕಾಲಿಗೆ ಎಲ್ಲ ಗೊತ್ತಿತ್ತು. ಕಾಲನ್ನೇ ನಂಬಿ ವೇಗವಾಗಿ ಮನೆದಾರಿಗೆ ಇಳಿದಳು. ಹೊರಗಿನವನಾಗಿದ್ದರೆ ಹೆದರಿ ನಿಧಾನವಾಗಿ ಇಳಿಯುತ್ತಿದ್ದ. ಇಂಥ ತಪ್ಪು ಮಾಡಲು ಊರಿನವರೇ ಆಗಬೇಕು.

ದಿಬ್ಬದ ಅಂಚು ದಾಟಿದ್ದೇ ತಡ, ಬಿಳುಪಿನೊಳಗಿಂದ ಒಂದು ಕಂದು ಬೆನ್ನು ಎದ್ದು ಬಂತು. ಕೂಗಲೂ ಹೊತ್ತಿರಲಿಲ್ಲ. ಅವಳ ಹೆಗಲು ಆ ಬೆನ್ನಿಗೆ ಬಡಿಯಿತು. ಬಿದ್ದವನು ತನ್ನದೇ ಸ್ಕೀ ಕೋಲಿನ ಹಿಡಿಯ ಮೇಲೆ ಎಡಪಕ್ಕೆ ಊರಿ ಬಿದ್ದ. ಹೂಂ ಎಂದು ಉಸಿರು ಹೊರಬಿದ್ದ ಸದ್ದು ಕೇಳಿಯೇ ಬುರ್ಗಿಗೆ ಯಾರೆಂದು ತಿಳಿಯಿತು.

"ಭಾವ! ಭಾವ, ಅಲ್ಲಾಡ್ಬೇಡಿ!"

ಕಾಸಿಯಾನ್ ಒಂದು ಕ್ಷಣ ಬಾಯಿ ತೆರೆದು ಗಾಳಿ ಹುಡುಕಿದ. ಆಮೇಲೆ ನಕ್ಕ. "ಇಪ್ಪತ್ತಮೂರು ವರ್ಷ ಊರಿಗೆಲ್ಲ ಪಾಠ ಹೇಳಿ, ಕೊನೆಗೆ ಸ್ವಂತ ಭಾವನ್ನೇ ಕೆಡವಿದ್ಯಲ್ಲೇ ತಾಯಿ!"

"ಇಲ್ಲಿ ಯಾಕ್ ನಿಂತಿದ್ರಿ? ದಿಬ್ಬದ ಕೆಳಗೆ ನಿಲ್ಲಬಾರ್ದು ಅಂತ ಗೊತ್ತಿಲ್ವಾ?"

"ಕನ್ನಡಕ ಮಂಜಾಗಿತ್ತು, ಒರೆಸ್ಕೋತಿದ್ದೆ. ಮನೆದಾರೀಲಿ ಪೊಲೀಸಮ್ಮ ಬರ್ತಾಳೆ ಅಂತ ಯಾರಿಗ್ ಗೊತ್ತಿತ್ತು?"

ಅವಳ ಕೈ ತಾನಾಗಿ ಎದೆಯ ಗುಂಡಿಯ ಕಡೆಗೆ ಹೋಯಿತು. ಕಾಸಿಯಾನ್ ಆ ಕೈಯನ್ನು ಹಿಡಿದುಕೊಂಡ. "ಏನ್ ಮಾಡ್ತಿದ್ದೀಯಾ? ಸೆರಾಫಿನ್‌ನ ಕರೀತೀಯಾ? ತಮ್ಮನ ಹೆಂಡ್ತಿ ಗುದ್ದಿ ಕೆಡವಿದ್ಲು ಅಂತ ಕಾಗದದ ಮೇಲೆ ಬರೆಸ್ತೀಯಾ? ಸಾಯೋವರ್ಗೂ ನನ್ನನ್ನ ಆಡ್ಕೋತಾರೆ. ನಿನ್ನ ಜಾಕೆಟ್ಟೂ ಹೋಗುತ್ತೆ. ನಡಿ, ನಡಿ. ಗ್ಲಾಸು ಸುರಿ, ಮುಗೀತು."

ಅವನು ಎದ್ದು ನಿಂತ. ಎರಡು ಹೆಜ್ಜೆ ಸರಿಯಾಗಿಯೇ ಇಟ್ಟ. ಬುರ್ಗಿಯ ಎದೆಯೊಳಗೆ ಎರಡು ಭಯ ಒಟ್ಟಿಗೆ ಕುಳಿತಿದ್ದವು, ಒಂದು ಅವನದು, ಒಂದು ತನ್ನದು. ಮೇಲಿನಿಂದ ಬಂದವಳು ತಾನು. ಕಾಗದದಲ್ಲಿ ಅದು ಒಂದೇ ಸಾಲು. ಅವಳು ಗುಂಡಿ ಒತ್ತಲಿಲ್ಲ.

ತ್ರೌದಿಯ ಗುಡಿಸಲು ಅಲ್ಲಿಂದ ಇನ್ನೂರು ಗಜ ಕೆಳಗೆ. ಒಳಗೆ ಒಲೆ ಉರಿಯುತ್ತಿತ್ತು, ಮೂಲೆಯಲ್ಲಿ ನಾಲ್ವರು ಇಸ್ಪೀಟು ಆಡುತ್ತಿದ್ದರು. ಬುರ್ಗಿ ಬಾಟಲಿಗೆ ಕೈ ಹಾಕಿದ್ದನ್ನು ಕಂಡು ತ್ರೌದಿ ಕಣ್ಣರಳಿಸಿದಳು.

"ಅಯ್ಯಯ್ಯೋ, ಪಾಠದ ಮೇಡಮ್ಮೇ ಸುರೀತಿದಾರಲ್ಲಪ್ಪಾ! ಯಾರಿಗೆ ಗುದ್ದಿದ್ರಿ?"

"ನನಗೇ," ಎಂದ ಕಾಸಿಯಾನ್. "ಪ್ರೀತಿ ಜಾಸ್ತಿಯಾಗಿ."

ಇಸ್ಪೀಟಿನವರು ಮೇಜು ಬಡಿದು ನಕ್ಕರು. ಕಾಸಿಯಾನ್ ಗ್ಲಾಸು ಎತ್ತಿ, ಒಂದೇ ಗುಟುಕಿಗೆ ಬರಿದು ಮಾಡಿ, ಬೋರಲು ಹಾಕಿದ. ಗೋಡೆಯ ಗಡಿಯಾರದಲ್ಲಿ ಎರಡೂವರೆಗೆ ಐದು ನಿಮಿಷ ಇತ್ತು. ಹೊರಗೆ ಮಂಜು ಕಿಟಕಿಯ ಗಾಜಿನವರೆಗೂ ಬಂದಿತ್ತು.

ಸ್ವಲ್ಪ ಹೊತ್ತಾದ ಮೇಲೆ ಅವನು ಎಡ ಹೆಗಲನ್ನು ಬಲಗೈಯಲ್ಲಿ ಉಜ್ಜಿಕೊಂಡ.

"ಏನಾಯ್ತು ಭಾವ?"

"ಏನಿಲ್ಲ. ಹೆಗಲು ಯಾಕೋ ಸೆಳೀತಿದೆ."

"ಹೆಗಲಿಗೆ ಏಟು ಬಿದ್ದಿರ್ಲಿಲ್ವಲ್ಲ. ಬಿದ್ದಿದ್ದು ಪಕ್ಕೆಗೆ."

"ವಯಸ್ಸಾಯ್ತು ಕಣೆ, ಒಂದ್ಕಡೆ ಹೊಡೆದ್ರೆ ಇನ್ನೊಂದ್ಕಡೆ ನೋಯುತ್ತೆ."

ಮತ್ತೆ ಎಲ್ಲರೂ ನಕ್ಕರು. ಬುರ್ಗಿಗೆ ಮಾತ್ರ ಬೇರೊಂದು ಪಾಠ ನೆನಪಾಯಿತು. ದಳದ ತರಬೇತಿಯಲ್ಲಿ ಪ್ರತಿ ಶರತ್ಕಾಲದಲ್ಲೂ ಇದನ್ನೇ ಹೇಳುತ್ತಿದ್ದರು. ಎಡಪಕ್ಕೆಗೆ ಏಟು ಬಿದ್ದು ಎಡ ಹೆಗಲು ನೋಯುತ್ತದೆ ಎಂದರೆ ಹೆಗಲನ್ನು ನೋಡುತ್ತಾ ಕೂರಬೇಡಿ, ಪಕ್ಕೆಯೊಳಗಿನ ಗುಲ್ಮ ಎಂಬ ಅಂಗ ಒಡೆದು ಹೊಟ್ಟೆಯಲ್ಲಿ ರಕ್ತ ಸೋರುತ್ತಿರಬಹುದು, ಆಸ್ಪತ್ರೆಗೆ ಓಡಿ. ಅವಳು ಅವನ ಕಿವಿಯ ಹತ್ತಿರ ಬಾಗಿದಳು.

"ಭಾವ, ಜಾರುಬಂಡಿ ತರಿಸ್ತೀನಿ. ಒಂದ್ಸಲ ಆಸ್ಪತ್ರೇಲಿ ತೋರಿಸ್ಬಿಡೋಣ."

ಅವನ ಮುಖದ ನಗು ಹೋಯಿತು. "ಜಾರುಬಂಡೀಲಿ ಕಟ್ಟಿ ನನ್ನ ಮನೆ ಮುಂದೇನೇ ಎಳ್ಕೊಂಡ್ ಹೋಗ್ತೀಯಾ? ಮೂಟೆ ಥರ? ಗ್ಲಾಸು ಬರಿದಾಯ್ತು, ಬುರ್ಗಿ. ಇನ್ನು ಆ ಮಾತು ಎತ್ತಬೇಡ."

ತ್ರೌದಿಯೂ ದನಿಗೂಡಿಸಿದಳು. "ಗ್ಲಾಸು ಬರಿದಾದ್ಮೇಲೆ ಎತ್ತಬಾರ್ದಮ್ಮ. ನಿನಗೆ ಗೊತ್ತಿಲ್ವಾ?"

ಬುರ್ಗಿಗೆ ಗೊತ್ತಿತ್ತು. ಹೆಗಲು ಅಂದರೆ ಹೆಗಲೇ ಇರಬಹುದು ಎಂದು ತನಗೆ ತಾನೇ ಹೇಳಿಕೊಂಡಳು. ಅವನ ಮಾತನ್ನು ಗೌರವಿಸುತ್ತಿದ್ದೇನೆ ಎಂದೂ ಹೇಳಿಕೊಂಡಳು. ಎರಡನೆಯದು ಕೇಳಲು ಬಹಳ ಚೆನ್ನಾಗಿತ್ತು. ಅವನು ಒಂದು ಚೊಂಬು ನೀರು ಕೇಳಿ ಕುಡಿದ, ಮತ್ತೆ ಇನ್ನೊಂದು ಕೇಳಿದ. ಒಳಗೆ ರಕ್ತ ಸೋರುವವರಿಗೂ ಹೀಗೇ ಬಾಯಾರುತ್ತದೆ, ಆದರೂ ಅಷ್ಟು ಬಾಯಾರಿಕೆ ಯಾಕೆಂದು ಅವಳು ಕೇಳಲಿಲ್ಲ. ಸುತ್ತು ಮುಗಿಸಿ ಬರುತ್ತೇನೆ ಎಂದು ಎದ್ದು ಹೋದಳು.

ಸ್ಕೀ ಆಡುವವರನ್ನು ಮೇಲಕ್ಕೆ ಒಯ್ಯುವ ಲಿಫ್ಟ್ ಮುಚ್ಚಿಸಿದಳು. ಇಳಿಜಾರಿನ ಅಂಚಿನಲ್ಲಿ ಬಿದ್ದುಹೋಗಿದ್ದ ತಡೆಬಲೆಯೊಂದನ್ನು ಎತ್ತಿ ಕಟ್ಟಿದಳು. ಕೈ ಗಂಟು ಹಾಕುತ್ತಿತ್ತು, ತಲೆ ಎರಡು ಚೊಂಬು ನೀರನ್ನು ಎಣಿಸುತ್ತಿತ್ತು. ಮಂಜಿನಲ್ಲಿ ಎಲ್ಲೂ ಸದ್ದಿರಲಿಲ್ಲ. ಮೂರನೆಯ ಗಂಟು ಹಾಕುವಾಗ ಅವಳಿಗೆ ತಟ್ಟನೆ ಅವನು ಇಸ್ಪೀಟು ಆಡುತ್ತಿರಲಿಲ್ಲ ಎಂಬುದು ಹೊಳೆಯಿತು. ಇಸ್ಪೀಟು ಕಂಡರೆ ಊಟ ಬಿಡುವ ಮನುಷ್ಯ, ಮೂಲೆಯ ಕಡೆ ತಿರುಗಿಯೂ ನೋಡಿರಲಿಲ್ಲ. ಗಂಟು ಅರ್ಧಕ್ಕೇ ಬಿಟ್ಟು ಕೆಳಗೆ ಧಾವಿಸಿದಳು.

ಕಾಸಿಯಾನ್ ಗುಡಿಸಲಿನ ಹೊರಗೆ ಬೆಂಚಿನ ಮೇಲೆ ಒಬ್ಬನೇ ಕುಳಿತಿದ್ದ. ಒಳಗೆ ಸೆಕೆ ಎಂದು ಹೊರಬಂದನಂತೆ. ಆ ಚಳಿಯಲ್ಲಿ ಅವನ ಹಣೆಯ ಮೇಲೆ ಬೆವರು ಸಾಲುಗಟ್ಟಿತ್ತು. ತುಟಿ ಬೂದಿಯ ಬಣ್ಣಕ್ಕೆ ತಿರುಗಿತ್ತು.

"ಬುರ್ಗಿ," ಎಂದ, "ಇಷ್ಟು ಬೇಗ ಕತ್ತಲಾಯ್ತಾ?"

ಅವಳು ಗುಂಡಿ ಒತ್ತಿದಳು. ಮೂರು ಗಂಟೆ ಇಪ್ಪತ್ತೈದು ನಿಮಿಷ.

ಮಂಜಿನಲ್ಲಿ ಹೆಲಿಕಾಪ್ಟರ್ ಏಳಲಿಲ್ಲ. ಜಾರುಬಂಡಿ ಬಂತು. ಮುಂದಿನ ಹಿಡಿಕೆಗಳ ನಡುವೆ ಬುರ್ಗಿಯೇ ನಿಂತಳು, ಬೇರೆ ಯಾರಿಗೂ ಬಿಡಲಿಲ್ಲ. ಈಗ ಅವಳು ಕೆಳಗೆ, ಅವನು ಅವಳ ಬೆನ್ನ ಹಿಂದೆ, ಮೇಲೆ. ಕಂಬಳಿಯೊಳಗಿಂದ ಒಂದೆರಡು ಸಲ ಅವನ ದನಿ ಕೇಳಿತು. "ಮನೆ ಹತ್ರ ಬಂದಾಗ ಮುಖ ಮುಚ್ಚು. ಮೇನಾ ನೋಡ್ತಾಳೆ." ಮನೆಯ ಹತ್ತಿರ ಬಂದಾಗ ಮೇನಾ ಅಂಗಳದಲ್ಲಿ ಸೌದೆ ಎತ್ತುತ್ತಿದ್ದಳು. ಬುರ್ಗಿ ಅವನ ಮುಖ ಮುಚ್ಚಲಿಲ್ಲ. ಸೌದೆ ಕೈಜಾರಿ ಬಿದ್ದ ಸದ್ದು ಅವಳಿಗೆ ಬಹಳ ದೂರದವರೆಗೆ ಕೇಳಿಸುತ್ತಲೇ ಇತ್ತು.

ಆಸ್ಪತ್ರೆಗೆ ನಲವತ್ತು ನಿಮಿಷದ ದಾರಿ. ಅದರ ಬಾಗಿಲು ದಾಟುವ ಮೊದಲೇ ಕಾಸಿಯಾನ್ ಹೋಗಿಬಿಟ್ಟಿದ್ದ.

ಡಾಕ್ಟರು ಹೊರಗೆ ಬಂದು, "ಏಟು ಬಿದ್ದಿದ್ದು ಎಷ್ಟು ಹೊತ್ತಿಗೆ?" ಎಂದು ಕೇಳಿದರು. ಬುರ್ಗಿ ಬಾಯಿ ತೆರೆಯುವಷ್ಟರಲ್ಲಿ ಪಕ್ಕದಲ್ಲಿದ್ದ ಸೆರಾಫಿನ್, "ಮೂರು ಗಂಟೆ ಮೇಲೆ ಸ್ವಲ್ಪ" ಎಂದುಬಿಟ್ಟ. ಡಾಕ್ಟರು ತಲೆಯಾಡಿಸಿದರು. "ಹಾಗಾದ್ರೆ ನೀವು ಏನೂ ಮಾಡೋ ಹಾಗಿರಲಿಲ್ಲ. ಇನ್ನೊಂದು ಗಂಟೆ ಮುಂಚೆ ಬಂದಿದ್ರೆ ಉಳಿಸ್ತಿದ್ವಿ. ಆದ್ರೆ ಮನೆಯವ್ರಿಗೆ ಹೇಳಿ, ನಿಮ್ಮ ಕೈಲಿ ಏನೂ ಇರಲಿಲ್ಲ ಅಂತ."

ವಾಪಸು ಬರುವಾಗ ಕಾರಿನಲ್ಲಿ ಬುರ್ಗಿ, "ಎರಡು ಹತ್ತಕ್ಕೆ ದಿಬ್ಬದ ಮೇಲಿದ್ದೀನಿ ಅಂತ ನಿನಗೇ ಹೇಳಿದ್ದೆ" ಎಂದಳು.

"ಹೇಳಿರ್ಬಹುದು. ನನಗೆ ನೆನಪಿಲ್ಲ," ಎಂದ ಸೆರಾಫಿನ್ ರಸ್ತೆಯಿಂದ ಕಣ್ಣು ತೆಗೆಯದೆ. "ತ್ರೌದಿಗೂ ನೆನಪಿರಲ್ಲ. ಆ ನಾಲ್ವರಿಗೂ ಇರಲ್ಲ. ಕಾಗದ ನಿನ್ನ ಮೇಜಿನ ಮೇಲಿದೆ. ಹೊತ್ತು ನೋಡ್ಕೊಂಡು ಬರಿ."

ಮೂರು ದಿನ ಆ ಕಾಗದ ದಳದ ಕಚೇರಿಯಲ್ಲಿ ಹಾಗೆಯೇ ಇತ್ತು. ಮೇಲಿದ್ದವರ ಹೆಸರು ತುಂಬಿದ್ದಳು, ಕೆಳಗಿದ್ದವರ ಹೆಸರು ತುಂಬಿದ್ದಳು. ಹೊತ್ತಿನ ಎರಡು ಖಾನೆ ಮಾತ್ರ ಖಾಲಿ. ಮನೆಯಲ್ಲಿದ್ದಾಗ ಬುರ್ಗಿ ಮತ್ತೆ ಮತ್ತೆ ಕಿಟಕಿಯಿಂದ ಅಂಗಳದಾಚೆ ನೋಡುತ್ತಿದ್ದಳು. ಎದುರು ಮನೆಯ ಬಾಗಿಲ ಬಳಿ ಅರ್ಧ ಸೀಳಿದ ಹಲಗೆಗಳು ಕಾಸಿಯಾನ್ ಬಿಟ್ಟಹಾಗೆಯೇ ಬಿದ್ದಿದ್ದವು. ಅವುಗಳ ಮೇಲೆ ಹಿಮ ಕೂರುತ್ತಿತ್ತು.

ಮಣ್ಣು ಮಾಡಿದ ಮೇಲೆ ಊಟ ಊರಿನ ದೊಡ್ಡ ಹೋಟೆಲಿನಲ್ಲಿ. ಅರವತ್ತು ಜನ ಶ್ಯಾವಿಗೆ ಹಾಕಿದ ಮಾಂಸದ ಸೂಪು ಕುಡಿಯುತ್ತಾ ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದರು. ಮೇನಾ ಕಪ್ಪು ಬಟ್ಟೆಯಲ್ಲಿ ಎದ್ದು ಬಂದಳು. ಕೈಯಲ್ಲಿ ಕಾಸಿಯಾನ್ ತಾನೇ ಮನೆಯಲ್ಲಿ ಇಳಿಸಿದ ಶ್ನಾಪ್ಸಿನ ಬಾಟಲಿ. ಬುರ್ಗಿಯ ಮುಂದೆ ಒಂದು ಗ್ಲಾಸು ಇಟ್ಟು ಅಂಚಿನವರೆಗೆ ಸುರಿದಳು. ಬಿದ್ದವರ ಕಡೆಯವರು ಗುದ್ದಿದವರಿಗೆ ಸುರಿಯುವುದನ್ನು ಊರು ಅದುವರೆಗೆ ಕಂಡಿರಲಿಲ್ಲ.

"ಗುದ್ದಿದ್ದು ನೀನು ಅಂತ ನನಗೆ ಗೊತ್ತು," ಎಂದಳು ಮೇನಾ. ಅವಳ ದನಿ ಮೃದುವಾಗಿತ್ತು, ಅದನ್ನು ಕೇಳುವುದೇ ಬುರ್ಗಿಗೆ ಕಷ್ಟವಾಯಿತು. "ಅವರು ಗ್ಲಾಸು ಕುಡಿದ್ರಂತೆ. ಅವರೇ ಮುಗಿಸಿದ್ಮೇಲೆ ನಾನ್ ಯಾರು ಎತ್ತೋಕೆ? ಎಲ್ಲ ಬೇಗ ಆಗಿಹೋಯ್ತು, ಯಾರ ಕೈಲೂ ಏನೂ ಇರಲಿಲ್ಲ ಅಂದ್ರು ಡಾಕ್ಟ್ರು. ನಾನು ಅದನ್ನೇ ಹಿಡ್ಕೊಂಡು ನಿದ್ದೆ ಮಾಡ್ತಿದ್ದೀನಿ. ಕುಡಿ, ಬುರ್ಗಿ. ನಮ್ಮ ಮನೇಲಿ ಇನ್ನು ಯಾರೂ ಈ ಮಾತು ಎತ್ತಲ್ಲ."

ಸೆರಾಫಿನ್ ಮೇಜಿನಾಚೆಯಿಂದ ಸಣ್ಣಗೆ ತಲೆಯಾಡಿಸಿದ. ಕುಡಿದುಬಿಡು ಎಂದು ಅದರ ಅರ್ಥ. ಬುರ್ಗಿಗೂ ಕುಡಿಯಬೇಕು ಎನ್ನಿಸಿತು. ನಾಲ್ಕು ದಿನದಿಂದ ಅಷ್ಟು ಆಸೆ ಅವಳಿಗೆ ಯಾವುದರ ಮೇಲೂ ಹುಟ್ಟಿರಲಿಲ್ಲ. ಗ್ಲಾಸು ಎತ್ತಿದಳು. ಆ ಘಾಟಿನಲ್ಲಿ ಅವನ ಬೂದಿಬಣ್ಣದ ತುಟಿ ಕಂಡಿತು. ಕೆಳಗಿಟ್ಟಳು.

"ಬೇಗ ಆಗ್ಲಿಲ್ಲ, ಮೇನಕ್ಕ."

"ಏನು?"

"ಗುದ್ದಿದ್ದು ಎರಡು ಹತ್ತಕ್ಕೆ. ನಾನು ಮೇಲಿದ್ದೆ, ಕಣ್ಣು ಕಾಣ್ತಿರಲಿಲ್ಲ, ಆದ್ರೂ ಜೋರಾಗಿ ಇಳಿದೆ. ಸಹಾಯಕ್ಕೆ ಕರೆದಿದ್ದು ಮೂರು ಇಪ್ಪತ್ತೈದಕ್ಕೆ. ಮಧ್ಯದಲ್ಲಿ ಅವರಿಗೆ ಹೆಗಲು ನೋವು ಅಂದಾಗ ನನಗೆ ಅನುಮಾನ ಬಂತು. ಬಂದ್ರೂ ಕರೀಲಿಲ್ಲ."

ಹಿಂದಿನಿಂದ ಯಾರೋ, "ಸಾಕು ಬಿಡಮ್ಮ, ಇದೆಲ್ಲ ಯಾಕೀಗ" ಎಂದರು. ತ್ರೌದಿ ಮುಖಕ್ಕೆ ಕೈ ಅಡ್ಡ ಹಿಡಿದುಕೊಂಡಿದ್ದಳು. ಮೇನಾ ಆ ಕಡೆ ತಿರುಗಲೇ ಇಲ್ಲ.

"ಒಂದೂಕಾಲು ಗಂಟೆ," ಎಂದಳು ಮೆಲ್ಲಗೆ. "ಅಷ್ಟು ಹೊತ್ತು ಅವರಿಗೆ ನೋವಿತ್ತಾ?"

"ಇತ್ತು. ನಗ್ತಾ ಇದ್ರು."

ಮೇನಾ ಗ್ಲಾಸನ್ನು ತೆಗೆದುಕೊಂಡಳು. ಶ್ನಾಪ್ಸನ್ನು ಒಂದು ಹನಿಯೂ ಚೆಲ್ಲದಂತೆ ಬಾಟಲಿಗೆ ವಾಪಸು ಸುರಿದು ಬಿರಡೆ ಒತ್ತಿದಳು.

"ಆ ಜಾಕೆಟ್ ನಿನಗೆ ಕೊಡಿಸೋಕೆ ಅವರು ಮೇಜು ಗುದ್ದಿ ಊರಿಗೆಲ್ಲ ಎದುರು ನಿಂತಿದ್ರು," ಎಂದಳು. "ನೀನು ಅವರಿಗೋಸ್ಕರ ಒಂದು ಗುಂಡಿ ಒತ್ತಲಿಲ್ಲ."

ಬುರ್ಗಿ ಎದ್ದು ನಡೆದುಕೊಂಡೇ ದಳದ ಕಚೇರಿಗೆ ಹೋದಳು. ಎರಡು ಖಾನೆಗಳಲ್ಲಿ ಎರಡು ಹೊತ್ತು ಬರೆದಳು, ಕೆಳಗೆ ಪೂರ್ತಿ ಹೆಸರು ಹಾಕಿದಳು. ಅಲ್ಲೇ ತೂಗುಹಾಕಿದ್ದ ಜಾಕೆಟ್ಟನ್ನು ಮಡಿಸಿ ಕಾಗದದ ಪಕ್ಕ ಇಟ್ಟಳು. ಇಡುವ ಮುಂಚೆ ಎದೆಯ ಮೇಲಿನ ವಾಕಿಟಾಕಿಯ ಪಟ್ಟಿಯನ್ನು ಹೊಲಿಗೆ ಬಿಚ್ಚಿ ನಿಧಾನವಾಗಿ ತೆಗೆದುಕೊಂಡಳು, ಅದು ಮೇನಾ ಹೊಲಿದದ್ದು. ಅದನ್ನು ವಾಪಸು ಕೊಡಬೇಕೆಂದು ಮೂರು ವರ್ಷದಿಂದ ಕೋಟಿನ ಜೇಬಿನಲ್ಲಿ ಇಟ್ಟುಕೊಂಡು ತಿರುಗುತ್ತಿದ್ದಾಳೆ. ಅಂಗಳದ ಅಗಲ ಇಪ್ಪತ್ತು ಹೆಜ್ಜೆ. ಇನ್ನೂ ದಾಟಿಲ್ಲ.